ಅಟ್ಟ ಸೇರಿದ ಅರ್ಧ ಮಾತು

"ಇನ್ನೊಂದ್ಸಲ ಹಾಕು," ಅಂದಳು ನಿಧಾನಮ್ಮ.

ಚಿಂದಿ ಗುಂಡಿ ಒತ್ತಿದ. ಕಿಟಕಿಯಿಲ್ಲದ ಆ ಪ್ರಯೋಗಾಲಯದಲ್ಲಿ ಎರಡು ಪುಟ್ಟ ಸ್ಪೀಕರುಗಳಿಂದ ಸತ್ತವಳ ದನಿ ಬಂತು. ಅಲ್ಲಲ್ಲಿ ಟಿಕ್ ಟಿಕ್ ಎಂದು ಮುರಿಯುತ್ತಿತ್ತು. ಆದರೂ ಎಂಥ ದನಿ ಅದು! ಅಳುವ ಮಗು ಕೂಡ ಕಿವಿಗೊಟ್ಟು ಸುಮ್ಮನಾಗಬೇಕು.

"...ನಾನು ಅವನನ್ನ ಕ್ಷಮಿಸಿ..."

ಅಷ್ಟೇ. ಮುಂದೆ ಬರೀ ಮೌನ.

ಕುರುಡರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸುತ್ತಿದ್ದ 'ಓದುವಕ್ಕ' ತನ್ನದೇ ಮನೆಯ ಓದುಕೋಣೆಯಲ್ಲಿ ಉಸಿರುಕಟ್ಟಿ ಸತ್ತು, ಹೆಣವನ್ನು ಮೊದಲು ಕಂಡ ತಮ್ಮನ ಕಡೆಗೆ ಇಡೀ ಬೀದಿ ಬೆರಳು ತೋರಿಸುತ್ತಿದೆ ಎನ್ನುವಲ್ಲಿಗೆ ಬಂದಿದ್ದೆವಲ್ಲ, ಅಲ್ಲಿಂದ ಮುಂದಿನ ಮಾತು ಇದು.

"ಬಾಲ ಎಲ್ಲಿ?" ನಿಧಾನಮ್ಮ ಕೇಳಿದಳು.

"ಯಾವ ಬಾಲ ಮೇಡಂ?"

"ಮಾತಿನ ಬಾಲ ಕಣಪ್ಪ. 'ಕ್ಷಮಿಸಿದೀನಿ' ಅಂದ್ಲೋ, 'ಕ್ಷಮಿಸಿಲ್ಲ' ಅಂದ್ಲೋ?"

ಚಿಂದಿ ತಲೆ ಕೆರೆದುಕೊಂಡ. ಒಡೆದ ಫೋನು, ಸುಟ್ಟ ಡಿಸ್ಕು, ನೀರಿಗೆ ಬಿದ್ದ ಕ್ಯಾಮೆರಾ, ಏನು ತಂದು ಸುರಿದರೂ ಅದರೊಳಗಿಂದ ಚಿಂದಿ ಆಯ್ದು ಏನಾದರೊಂದು ಕೈಗಿಡುತ್ತಾನೆಂದು ಇಲಾಖೆಯವರು ಅವನಿಗಿಟ್ಟ ಹೆಸರದು. ನಿಧಾನಮ್ಮನದೂ ಅಂಥದೇ ಹೆಸರು. ಇನ್‌ಸ್ಪೆಕ್ಟರಮ್ಮನ ನಿಜವಾದ ಹೆಸರು ಎದೆಯ ಮೇಲಿನ ಪಟ್ಟಿಯಲ್ಲಿತ್ತು, ಓದುವವರು ಯಾರೂ ಇರಲಿಲ್ಲ. ಮೆಟ್ಟಿಲು ಹತ್ತುವುದು ನಿಧಾನ, ಚಹಾ ಕುಡಿಯುವುದು ನಿಧಾನ, ಕಳ್ಳನ ಕೊರಳಪಟ್ಟಿ ಹಿಡಿಯುವುದಂತೂ ಇನ್ನೂ ನಿಧಾನ. ಆದರೆ ಹಿಡಿದರೆ ಬಿಟ್ಟದ್ದಿಲ್ಲ.

"ಬಾಲ ಹೋಯ್ತು ಮೇಡಂ," ಅಂದ ಚಿಂದಿ. "ಯಾವತ್ತಿಗೂ ಸಿಗೋದಿಲ್ಲ."

ನಮ್ಮ ಮಾತಿನ ಜಾಯಮಾನವೇ ಹಾಗೆ ನೋಡಿ. ಹೌದೋ ಅಲ್ಲವೋ ಎಂಬುದನ್ನು ಕಟ್ಟಕಡೆಯವರೆಗೂ ಬಿಟ್ಟುಕೊಡುವುದಿಲ್ಲ. ಪ್ರೀತಿ, ದ್ವೇಷ, ಒಪ್ಪಿಗೆ, ನಿರಾಕರಣೆ, ಎಲ್ಲವನ್ನೂ ಬಾಲದಲ್ಲಿ ಕಟ್ಟಿಟ್ಟಿರುತ್ತದೆ. ಬಾಲ ಕತ್ತರಿಸಿದರೆ ಬದುಕಿದವನೂ ಸತ್ತವನೂ ಒಂದೇ.

"ಯಾಕೆ ಸಿಗೋದಿಲ್ಲ? ಅರ್ಧ ಸಿಕ್ಕಿದ್ಮೇಲೆ ಇನ್ನರ್ಧ ಎಲ್ಲಿಗೆ ಹೋಗುತ್ತೆ? ನಂಗೆ ಅರ್ಥ ಆಗೋ ಹಾಗೆ ಹೇಳು."

ಚಿಂದಿ ಕುರ್ಚಿ ಎಳೆದುಕೊಂಡ. "ನಿಮ್ಮನೆ ಅಡುಗೆಕಟ್ಟೆ ಇದೆಯಲ್ಲ, ಕಂಪ್ಯೂಟರಿನ ರ‍್ಯಾಮ್ ಅಂದ್ರೆ ಅದು. ಕೈ ಚಾಚಿದ್ರೆ ಸಿಗುತ್ತೆ, ಚಕ್ ಅಂತ ಕೆಲಸ ಆಗುತ್ತೆ. ಆದ್ರೆ ಜಾಗ ಚಿಕ್ಕದು. ಇನ್ನೊಂದು ಕೆಟ್ಟ ಗುಣ, ಕರೆಂಟು ಹೋಯ್ತೋ, ಕಟ್ಟೆ ಮೇಲಿದ್ದದ್ದೆಲ್ಲ ಮಾಯ. ತೊಳೆದಿಟ್ಟ ಹಾಗೆ."

"ಸರಿ."

"ಈಗ ಕಟ್ಟೆ ತುಂಬಿಹೋಯ್ತು ಅನ್ನಿ. ಆಗೇನು ಮಾಡ್ತೀರಿ? ಸದ್ಯಕ್ಕೆ ಬೇಡದ ಪಾತ್ರೆನ ಎತ್ತಿ ಅಟ್ಟದ ಮೇಲಿಡ್ತೀರಿ. ಯಂತ್ರವೂ ಅದನ್ನೇ ಮಾಡುತ್ತೆ. ಬಹಳ ಹೊತ್ತಿಂದ ಮುಟ್ಟದೆ ಇರೋದನ್ನ ಎತ್ತಿ ಡಿಸ್ಕಿನ ಮೇಲೆ ಹಾಕುತ್ತೆ. ಡಿಸ್ಕೇ ಅಟ್ಟ. ಕಟ್ಟೆ, ಅಟ್ಟ ಎರಡನ್ನೂ ಸೇರಿಸಿ ಎಲ್ಲ ಒಂದೇ ದೊಡ್ಡ ಕಟ್ಟೆ ಅಂತ ಪ್ರೋಗ್ರಾಮಿಗೆ ನಂಬಿಸುತ್ತೆ. ವರ್ಚುವಲ್ ಮೆಮೊರಿ ಅಂತಾರಲ್ಲ, ಅದು ಇದೇ. ಇಲ್ಲದ ಜಾಗನ ಇದೆ ಅಂತ ತೋರ್ಸೋದು."

"ಸುಳ್ಳು ಹೇಳುತ್ತೆ ಅನ್ನು."

"ಸಂಸಾರ ತೂಗಿಸೋಕೆ ಒಂದು ಸುಳ್ಳು ಮೇಡಂ. ಆದ್ರೆ ಅಟ್ಟದ್ದು ಬೇಕು ಅಂದ್ರೆ ಏಣಿ ಹಾಕ್ಬೇಕು, ಹತ್ಬೇಕು, ಹುಡುಕ್ಬೇಕು, ಇಳಿಸ್ಬೇಕು. ಅದಕ್ಕೇ ರ‍್ಯಾಮ್ ಕಮ್ಮಿ ಇರೋ ಯಂತ್ರ ಕರಕರ ಅಂತ ನರಳ್ತಾ ಬಹಳ ನಿಧಾ..." ಎನ್ನುತ್ತ ಚಿಂದಿ ನಾಲಗೆ ಕಚ್ಚಿಕೊಂಡ.

"ಹೇಳು ಹೇಳು. ನಿಧಾನ ಅನ್ನೋದು ಬೈಗುಳ ಅಲ್ಲ."

"ಆದ್ರೆ ಅಟ್ಟಕ್ಕೆ ಒಂದು ಒಳ್ಳೇ ಗುಣ ಇದೆ. ಕರೆಂಟು ಹೋದ್ರೂ ಅಲ್ಲಿಟ್ಟದ್ದು ಅಲ್ಲೇ ಇರುತ್ತೆ."

ನಿಧಾನಮ್ಮ ಮೆಲ್ಲಗೆ ತಲೆಯಾಡಿಸಿದಳು. ಓದುವಕ್ಕ ಬೆಳಗಿನಿಂದ ತನ್ನ ಕಂಪ್ಯೂಟರಿನ ಮುಂದೆ ಓದುತ್ತಿದ್ದಳು. ನಡುವೆ ಎಲ್ಲೂ ಸೇವ್ ಮಾಡಿ ಉಳಿಸಿರಲಿಲ್ಲ. ದನಿ ತುಂಬುತ್ತ ತುಂಬುತ್ತ ಕಟ್ಟೆ ಸಾಲದೆ ಹಳೆಯದೆಲ್ಲ ಅಟ್ಟ ಸೇರಿತು. ಕೊನೆಕೊನೆಯದು ಮಾತ್ರ ಕಟ್ಟೆಯ ಮೇಲೇ ಉಳಿಯಿತು.

"ಅಟ್ಟಕ್ಕೆ ಹೋಗೋದು ಪುಟ ಪುಟವಾಗಿ," ಅಂದ ಚಿಂದಿ. "ಪುಸ್ತಕದ ಹಾಗೇ, ಪುಟ ಅಂತಾನೇ ಲೆಕ್ಕ. ಒಂದು ಪುಟದಲ್ಲಿ ಕಣ್ಣು ಮಿಟುಕಿಸೋಷ್ಟು ಹೊತ್ತಿನ ದನಿಯೂ ಹಿಡಿಸೋದಿಲ್ಲ. ಹಿಂದು ಮುಂದಾಗಿ ಬಿದ್ದಿದ್ವು, ಒಂದೊಂದೇ ಆಯ್ದು ಪೋಣಿಸಿದೀನಿ. ಈ ಮಾತಿಗೆ ಸ್ವಲ್ಪ ಹಿಂದಿನ ಪುಟಗಳು ಕೆಟ್ಟುಹೋಗಿವೆ, ಬರೀ ಗೊರಗೊರ. 'ಕ್ಷಮಿಸಿ' ತನಕದ ಪುಟ ಅಟ್ಟ ಸೇರಿತ್ತು. ಅದರ ಮುಂದಿನದ್ದು ಕಟ್ಟೆ ಮೇಲಿತ್ತು."

"ಅಷ್ಟರಲ್ಲಿ ಕರೆಂಟು ಹೋಯ್ತು."

"ಹೋಯ್ತು. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ."

"ನೆಟ್ಟಗೆ ಆಫ್ ಮಾಡಿದ್ದಿದ್ರೆ?"

"ಇದೂ ಸಿಗ್ತಿರ್ಲಿಲ್ಲ. ಆಫ್ ಆಗೋ ಮುಂಚೆ ಅಟ್ಟ ಗುಡಿಸಿಡು ಅಂತ ಆಕೆ ಯಂತ್ರಕ್ಕೆ ಹೇಳಿಟ್ಟಿದ್ರು. ಬಹಳ ಅಚ್ಚುಕಟ್ಟಿನ ಹೆಂಗಸು."

"ಓದ್ತಿದ್ದ ಪುಸ್ತಕದಲ್ಲಿ ಈ ಮಾತಿದೆಯಾ, ನೋಡಿದ್ಯಾ?"

"ಜೇನು ಸಾಕೋದು ಹೇಗೆ ಅನ್ನೋ ಪುಸ್ತಕ ಮೇಡಂ. ಜೇನುಹುಳ ಯಾರನ್ನ ಕ್ಷಮಿಸುತ್ತೆ?"

ನಗು ಬರಬೇಕಿತ್ತು, ಬರಲಿಲ್ಲ. ನಿಧಾನಮ್ಮ ಎದ್ದಳು. ಬಾಗಿಲ ಹತ್ತಿರ ಹೋದವಳನ್ನು ಚಿಂದಿ ಮತ್ತೆ ಕರೆದ.

"ಇನ್ನೊಂದಿದೆ. ಯಂತ್ರ ಬಿಚ್ಚಿದಾಗ ಒಳಗೆ ಒಂದು ಹೊಸ ರ‍್ಯಾಮ್ ಪಟ್ಟಿ ಇತ್ತು. ಸಿಕ್ಕಿಸಿದಾರೆ, ಆದ್ರೆ ಅರ್ಧ. ಕಟ್ ಅಂತ ಸದ್ದು ಬರೋ ತನಕ ಒತ್ತಬೇಕು, ಒತ್ತಿಲ್ಲ. ಹಾಗಾಗಿ ಯಂತ್ರ ಅದನ್ನ ಲೆಕ್ಕಕ್ಕೇ ತಗೊಂಡಿಲ್ಲ. ಅದು ಸರಿಯಾಗಿ ಕೂತಿದ್ದಿದ್ರೆ ಕಟ್ಟೆ ದೊಡ್ಡದಾಗಿರೋದು, ಯಾವುದೂ ಅಟ್ಟಕ್ಕೆ ಹೋಗ್ತಿರ್ಲಿಲ್ಲ. ನಮಗೆ ಒಂದಕ್ಷರವೂ ದಕ್ತಿರ್ಲಿಲ್ಲ."

"ಬೆರಳಿನ ಗುರುತು?"

"ಅಂಚಲ್ಲಿ ಹಿಡಿದಿದಾರೆ. ಏನೂ ಮೂಡಿಲ್ಲ."

"ಇದನ್ನ ಯಾರ ಮುಂದಾದ್ರೂ ಬಾಯ್ಬಿಟ್ಟಿದೀಯಾ?"

"ನಿಮಗೂ ನನಗೂ ಬಿಟ್ರೆ ಈ ಗೋಡೆಗೆ ಗೊತ್ತು."

"ಗೋಡೆಗೂ ಹೇಳಿಡು, ಬಾಯಿ ಮುಚ್ಚಿಕೊಂಡಿರಲಿ ಅಂತ."

* * *

ಓದುವಕ್ಕನ ಮನೆ ಬೀದಿಗಿಂತ ಒಂದು ಮೆಟ್ಟಿಲು ಮೇಲೆ. ಅದರ ಮೇಲಿನ ಮನೆ ತಮ್ಮನದು. ಒಬ್ಬರ ಸೂರು, ಇನ್ನೊಬ್ಬರ ನೆಲ. ನಡುವೆ ಒಂದು ಮಾತಿಲ್ಲ, ಅದೂ ವರ್ಷಗಟ್ಟಲೆ.

ತಮ್ಮ ಲಿಫ್ಟ್ ರಿಪೇರಿಯವನು. ಅಕ್ಕನಿಗೆ ಒಬ್ಬಳೇ ಮಗಳಿದ್ದಳು, ಮಾವ ಮಾವ ಎಂದು ಅವನ ಬೆನ್ನು ಬಿಡದ ಹುಡುಗಿ. ಒಂದು ದಿನ ಕೆಲಸದ ಜಾಗಕ್ಕೂ ಹಿಂದೆ ಹೋದಳು. ಅವತ್ತು ಅವನು ಕರೆಂಟಿನ ಮೇನ್ ಕಿತ್ತಿರಲಿಲ್ಲ. ಐದು ನಿಮಿಷದ ಕೆಲಸ, ಯಾಕೆ ಸುಮ್ಮನೆ ಎಂದುಕೊಂಡ. ಲಿಫ್ಟ್ ಚಲಿಸಿತು. ಮಗು ಉಳಿಯಲಿಲ್ಲ.

ಅಂದಿನಿಂದ ಅಕ್ಕ ತಮ್ಮನ ಜೊತೆ ಮಾತಾಡಿರಲಿಲ್ಲ. ಬೈದಿದ್ದರೂ ಅವನು ಬದುಕಿಕೊಳ್ಳುತ್ತಿದ್ದನೇನೋ. ಬೈಯಲಿಲ್ಲ.

ನಿಧಾನಮ್ಮ ಬೀಗ ತೆಗೆದು ಒಳಗೆ ಬಂದಳು. ಹಜಾರದ ಮೇಜಿನ ಮೇಲೆ ಕರೆಂಟಿನ ಗಡಿಯಾರ, ಕೆಂಪು ಅಂಕಿಗಳದ್ದು. ಕೈಗಡಿಯಾರ ನೋಡಿಕೊಂಡಳು. ಎರಡೂ ಒಂದೇ ಹೊತ್ತು ತೋರಿಸುತ್ತಿದ್ದವು. ಅವಳು ಅದರ ವೈರನ್ನು ಕಿತ್ತು ಮತ್ತೆ ಸಿಕ್ಕಿಸಿದಳು. ಅಂಕಿಗಳು ಸೊನ್ನೆಯಾಗಿ, ಪಿಳಿಪಿಳಿ ಮಿಟುಕತೊಡಗಿದವು.

"ಹಾಗಾದ್ರೆ ಅವತ್ತು ಕರೆಂಟು ಹೋಗಿಲ್ಲ," ಎಂದು ತನಗೆ ತಾನೇ ಹೇಳಿಕೊಂಡಳು. ತಮ್ಮ ಮಾತ್ರ ಹೇಳಿಕೆಯಲ್ಲಿ ಕರೆಂಟು ಹೋಯಿತು ಎಂದೇ ಬರೆಸಿದ್ದ.

ಓದುಕೋಣೆ ಎಂದರೆ ಒಂದು ದೊಡ್ಡ ಬೀರುವಿನಷ್ಟು ಜಾಗ. ಗೋಡೆ ತುಂಬ ಹಳೆಯ ರಜಾಯಿಗಳು, ಬಾಗಿಲು ಅಂಗೈ ದಪ್ಪ. ಒಳಗಿನ ಹಿಡಿ ಮುರಿದು ಎಷ್ಟೋ ತಿಂಗಳಾಗಿತ್ತು. ಆಕೆಗೆ ಉಸಿರಿನ ತೊಂದರೆ ಬೇರೆ. ಅದಕ್ಕೇ ಬಾಗಿಲು ಪೂರ್ತಿ ಮುಚ್ಚದಂತೆ ಸಂದಿಗೆ ಒಂದು ಮರದ ತುಂಡು ಕೊಟ್ಟು ಓದಲು ಕೂರುತ್ತಿದ್ದಳಂತೆ. ಆ ದಿನ ಮರದ ತುಂಡು ಹೊರಗಿನ ಕಪಾಟಿನ ಮೇಲೆ ಇತ್ತು, ಯಾರೋ ಎತ್ತಿ ಜೋಪಾನವಾಗಿ ಇಟ್ಟ ಹಾಗೆ. ಉಸಿರಿಗೆ ಎಳೆದುಕೊಳ್ಳುವ ಪಂಪು ಹಜಾರದ ಮೇಜಿನ ಮೇಲಿತ್ತು. ಬಾಗಿಲ ಒಳಮೈಯಲ್ಲಿ ಉಗುರಿನ ಗೀರುಗಳು.

ನಿಧಾನಮ್ಮ ಆ ಗೀರುಗಳ ಕಡೆ ನೋಡಲಾರದೆ ಕುರ್ಚಿಯ ಮೇಲೆ ಕೂತಳು. ಕೂತವರ ಕಣ್ಣಿಗೆ ಸರಿಯಾಗಿ, ಬಾಗಿಲ ಮೇಲೆ ಮಗುವೊಂದು ಬರೆದ ಚಿತ್ರ ಅಂಟಿಸಿತ್ತು. ಒಬ್ಬ ಮೀಸೆಯವನು, ಅವನ ಹೆಗಲ ಮೇಲೆ ಎರಡು ಜಡೆಯ ಹುಡುಗಿ. ಕೆಳಗೆ ಸೊಟ್ಟ ಅಕ್ಷರದಲ್ಲಿ 'ಮಾವ'.

ಈ ಚಿತ್ರವನ್ನು ಆಕೆ ಕಿತ್ತು ಬಿಸಾಡಿರಲಿಲ್ಲ. ದಿನವೂ ಅದರ ಎದುರಿಗೇ ಕೂತು ಓದುತ್ತಿದ್ದಳು. ಯಾಕೆ? ಮರೆಯಬಾರದು ಅಂತಲೋ, ಮರೆಯಬೇಕು ಅಂತಲೋ? ಮನುಷ್ಯರ ಮನಸ್ಸು ಬಿಚ್ಚಿ ನೋಡಲು ಚಿಂದಿಯ ಹತ್ತಿರ ಉಪಕರಣವಿಲ್ಲವಲ್ಲ.

'ನಾನು ಅವನನ್ನ ಕ್ಷಮಿಸಿ...' ಎಂದು ನಿಧಾನಮ್ಮ ಪಿಸುಗುಟ್ಟಿ ನೋಡಿದಳು. ರಜಾಯಿಗಳು ಮಾತನ್ನು ನುಂಗಿಕೊಂಡವು. ಇನ್ನೊಮ್ಮೆ ಅಂದಳು. ಮೂರನೆಯ ಸಲ ಅನ್ನುವಾಗ ಅವಳ ಬಾಯಿ ಅರ್ಧಕ್ಕೇ ನಿಂತಿತು.

ಅವನನ್ನ. ನಿನ್ನನ್ನ ಅಲ್ಲ.

ಎದುರಿಗೆ ತಮ್ಮ ಇದ್ದಿದ್ದರೆ ಯಾವ ಅಕ್ಕನಾದರೂ 'ಅವನು' ಅನ್ನುತ್ತಾಳೆಯೇ?

ಅವಳು ಮೆಲ್ಲಗೆ ಎದ್ದು, ಮೆಲ್ಲಗೆ ಬೀಗ ಹಾಕಿ, ಮೆಲ್ಲಗೆ ಮೇಲಿನ ಮನೆಯ ಮೆಟ್ಟಿಲು ಹತ್ತಿದಳು.

* * *

ತಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಮುಂದೆ ಹರಡಿದ ಸ್ಪ್ಯಾನರುಗಳು, ಕೈಯಲ್ಲಿ ಒಂದು ಬಟ್ಟೆ. ಒರೆಸಿದ್ದನ್ನೇ ಒರೆಸುತ್ತಿದ್ದ. ಗಡ್ಡ ಬೆಳೆದಿತ್ತು. ಅವನ ಹೆಂಡತಿ ಒಲೆಯ ಹತ್ತಿರ ನಿಂತಿದ್ದವಳು ಇನ್‌ಸ್ಪೆಕ್ಟರಮ್ಮನನ್ನು ಕಂಡು ಸೆರಗಿಗೆ ಕೈ ಒರೆಸಿಕೊಂಡಳು.

"ಬನ್ನಿ ಮೇಡಂ. ಚಹಾ ಇಡ್ತೀನಿ."

"ಇಡಿ ತಾಯಿ. ಸಕ್ಕರೆ ಕಮ್ಮಿ." ನಿಧಾನಮ್ಮ ಕೂತಳು. "ಅವತ್ತು ಬೆಳಗ್ಗೆ ನೀವು ಕೆಳಗೆ ಹೋಗಿರ್ಲಿಲ್ಲ ಅಂದ್ರಿ, ಅಲ್ವಾ?"

"ಆ ವಾರ ಪೂರ್ತಿ ಹೋಗಿಲ್ಲ ಮೇಡಂ. ಓದೋಕೆ ಕೂತ್ರೆ ಅತ್ತಿಗೆ ಯಾರನ್ನೂ ಒಳಗೆ ಬಿಡ್ತಿರ್ಲಿಲ್ಲ. ಮೊನ್ನೆನೇ ಬರ್ಕೊಂಡ್ರಲ್ಲ."

"ಹೌದೌದು. ನನಗೆ ಮರೆವು ಜಾಸ್ತಿ." ಅವಳು ತಮ್ಮನ ಕಡೆ ತಿರುಗಿದಳು. "ನಿಮ್ಮಕ್ಕನ ಮನೆ ಗಡಿಯಾರ ಸರಿಯಾದ ಹೊತ್ತು ತೋರಿಸ್ತಾ ಇದೆ."

"ಆಂ?"

"ಕರೆಂಟು ಹೋಗಿದ್ರೆ ಅದು ಸೊನ್ನೆಗೆ ಬಂದು ಮಿಟುಕ್ತಾ ಕೂತಿರ್ಬೇಕಿತ್ತು. ಯಂತ್ರದ ಪ್ಲಗ್ ಯಾರು ಕಿತ್ತದ್ದು?"

ಬಟ್ಟೆ ಹಿಡಿದ ಕೈ ನಿಂತಿತು. ಸುಳ್ಳು ಹೇಳಿ ರೂಢಿಯಿದ್ದ ಮುಖವಲ್ಲ ಅದು, ಕೂಡಲೇ ಸೋತುಹೋಯಿತು.

"ನಾನೇ."

ಒಲೆಯ ಹತ್ತಿರ ಚಮಚ ಬಿದ್ದ ಸದ್ದಾಯಿತು.

"ಕೆಳಗೆ ಯಾಕೆ ಹೋಗಿದ್ರಿ?"

"ಅಡುಗೆಮನೆ ನಲ್ಲಿ ಸೋರ್ತಿತ್ತು. ಅವಳು ಓದೋಕೆ ಕೂತಾಗ ಹೋಗಿ ರಿಪೇರಿ ಮಾಡಿ ಬರ್ತೀನಿ. ನನ್ನ ಮುಖ ನೋಡೋ ಕರ್ಮ ಅವಳಿಗೆ ತಪ್ಪುತ್ತೆ ಅಂತ. ನಿಜ ಹೇಳ್ಬೇಕಂದ್ರೆ ಅದೂ ಅಲ್ಲ ಮೇಡಂ. ಬಾಗಿಲ ಸಂದಿಂದ ಅವಳ ದನಿ ಕೇಳುತ್ತೆ. ಅದಕ್ಕೇ ಹೋಗ್ತಿದ್ದೆ. ಅವಳ ಮನೇಲಿ ಏನಾದ್ರೂ ಕೆಡಲಿ ಅಂತ ಕಾಯ್ತಿದ್ದೆ. ಒಂದು ವಾಷರ್ ಹಾಕೋಕೆ ಒಂದು ಅಧ್ಯಾಯ ಪೂರ್ತಿ ಕೂತಿರ್ತಿದ್ದೆ."

"ಅವತ್ತು?"

"ಅವತ್ತು ದನಿ ಇರ್ಲಿಲ್ಲ. ಬಾಗಿಲು ಗಟ್ಟಿಯಾಗಿ ಮುಚ್ಚಿತ್ತು. ಎಳೆದೆ. ಅವಳು ಬಾಗಿಲ ಬುಡದಲ್ಲೇ..." ಅವನು ಬಟ್ಟೆಯಿಂದ ಮುಖ ಒರೆಸಿಕೊಂಡ.

"ಕಂಪ್ಯೂಟರ್ ಓಡ್ತಾನೇ ಇತ್ತು," ಅಂದ. "ಪರದೆ ಮೇಲೆ ಹಸಿರು ಗೆರೆ ಹರೀತಿತ್ತು. ನಾನು 'ಅಕ್ಕಾ' ಅಂತ ಕಿರುಚಿದೆ. ಆ ಗೆರೆ ಎದ್ದು ಕುಣೀತು. ಅಳು ಬಂತು, ಅದಕ್ಕೂ ಕುಣೀತು. ನನ್ನ ಅಳುನ ಬರ್ಕೊಳ್ತಾ ಇದೆ ಮೇಡಂ ಅದು! ಅವಳ ದನಿ ಪಕ್ಕದಲ್ಲಿ ನಂದನ್ನ ಅಂಟಿಸ್ತಾ ಇದೆ. ಬದುಕಿರೋವಾಗ ನನ್ನ ದನಿ ಕೇಳೋದು ಬೇಡ ಅಂದವಳು. ಅದನ್ನ ನಿಲ್ಸೋದು ಹೇಗೆ ಅಂತ ಗೊತ್ತಾಗ್ಲಿಲ್ಲ. ನನ್ನ ಕಸುಬಿನವರಿಗೆ ಗೊತ್ತಿರೋದು ಒಂದೇ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮೊದಲು ಮೇನ್ ಕೀಳು. ಮಗು ಹೋದ ಮೇಲೆ ನಾನು ಬಲ್ಬು ಬದಲಾಯ್ಸೋಕೂ ಮೇನ್ ಕೀಳ್ತೀನಿ. ಕೈ ತಾನಾಗೇ ಹೋಯ್ತು."

"ಆಮೇಲೆ ಮತ್ತೆ ಸಿಕ್ಕಿಸಿ, ಕರೆಂಟು ಹೋಗಿತ್ತು ಅಂದ್ರಿ."

"ಹೆದರಿಕೆ. ಅವಳ ಮಗಳೂ ನನ್ನ ಕೈಯಲ್ಲೇ ಹೋದ್ಲು. ಈಗ ಇವಳೂನಾ ಅಂತಾರೆ ಅಂತ. ಅಂತಾನೂ ಇದಾರೆ."

ನಿಧಾನಮ್ಮ ಫೋನು ಹೊರಗೆ ತೆಗೆದಳು. ಇದನ್ನು ಕೇಳಿಸಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ತೂಗಿ ನೋಡಿದ್ದಳು. ಕೇಳಿಸಿದರೆ ಗಾಯದ ಮೇಲೆ ಬರೆ. ಕೇಳಿಸದಿದ್ದರೆ ಅದು ಕಳ್ಳತನ, ಏಕೆಂದರೆ ಆ ದನಿಯಲ್ಲಿದ್ದ ಮಾತು ಅವನದು. ಅವಳು ಗುಂಡಿ ಒತ್ತಿದಳು.

"...ನಾನು ಅವನನ್ನ ಕ್ಷಮಿಸಿ..."

ಅವನು ಕೂತಲ್ಲೇ ಕಲ್ಲಾದ. ಅಕ್ಕನ ಬಾಯಲ್ಲಿ ತನ್ನ ಮಾತು! ಎಷ್ಟು ವರ್ಷ ಇದಕ್ಕಾಗಿ ನಲ್ಲಿಗಳ ಕೆಳಗೆ ಮುದುರಿ ಕೂತಿದ್ದನೋ. ಅವನ ಕೈ ಫೋನಿನ ಕಡೆ ಹೋಗಿ, ಮುಟ್ಟದೆ ಹಿಂದೆ ಬಂತು.

"ಮುಂದೆ? ಮುಂದೆ ಹಾಕಿ ಮೇಡಂ."

"ಮುಂದೆ ಇಲ್ಲಪ್ಪ."

"ಇಲ್ಲ ಅಂದ್ರೆ?"

ನಿಧಾನಮ್ಮ ಹೇಳಿದಳು. ಕಟ್ಟೆ, ಅಟ್ಟ ಎಲ್ಲವನ್ನೂ ಹೇಳಿದಳು. ಅಟ್ಟ ಸೇರಿದ್ದು ಉಳಿಯಿತು, ಕಟ್ಟೆಯ ಮೇಲಿದ್ದದ್ದು ಪ್ಲಗ್ಗಿನ ಜೊತೆ ಹೋಯಿತು ಎಂದಳು. ಎಷ್ಟು ಮೆತ್ತಗೆ ಹೇಳಿದರೂ ಅದು ಮೆತ್ತಗಿನ ಮಾತಾಗಿರಲಿಲ್ಲ.

ಅವನು ತನ್ನ ಬಲಗೈಯನ್ನೇ ನೋಡಿಕೊಂಡ.

"ಅವತ್ತು ಕೀಳ್ಬೇಕಿತ್ತು, ಕೀಳ್ಲಿಲ್ಲ," ಅಂದ. "ಈ ಸಲ ಕೀಳ್ಬಾರ್ದಿತ್ತು, ಕಿತ್ತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತೂ ಒಡೆದ ಮುತ್ತಾಗಿ ಹೋದರೆ ಏನು ಮಾಡಬೇಕು ಎಂದು ಯಾವ ಗಾದೆಯೂ ಹೇಳಿಕೊಟ್ಟಿಲ್ಲ. ಅವನು ಮೇಜಿನ ಮೇಲೆ ಹಣೆಯಿಟ್ಟು ಅತ್ತ. ಗಂಡಸು ಹಾಗೆ ಅಳುವುದನ್ನು ನೋಡಿದರೆ ಎಂಥ ಪೊಲೀಸರಿಗೂ ಟೋಪಿ ಭಾರವಾಗುತ್ತದೆ. ನಿಧಾನಮ್ಮನಿಗೂ ಒಬ್ಬಳು ಅಕ್ಕ ಇದ್ದಳು, ತಲೆ ಬಾಚಿ, ಜಡೆ ಹಾಕಿ, ಶಾಲೆಗೆ ಬಿಟ್ಟು ಬರುತ್ತಿದ್ದವಳು. ಅವಳು ಫೋನನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡಳು.

ಹೆಂಡತಿ ಚಹಾ ತಂದಿಟ್ಟಳು. ಲೋಟಗಳು ತಟ್ಟೆಯಲ್ಲಿ ಕಿಣಿಕಿಣಿ ಅಂದವು. ಆಮೇಲೆ ಗಂಡನ ಹಿಂದೆ ಹೋಗಿ ನಿಂತು ಅವನ ಹೆಗಲ ಮೇಲೆ ಕೈಯಿಟ್ಟಳು.

"ರಾತ್ರಿ ಎಲ್ಲ ಇದೇ ಮೇಡಂ," ಅಂದಳು. "'ಅಕ್ಕ ಸಾಯೋವಾಗ ನನ್ನನ್ನ ಶಪಿಸಿದ್ಲಾ' ಅಂತ ಕೇಳ್ತಾರೆ. ನಾನೇನು ಹೇಳ್ಲಿ?"

ನಿಧಾನಮ್ಮ ಲೋಟ ಎತ್ತಿದಳು. ಆಮೇಲೆ ಒಂದು ಮಾತು ಹೇಳಿದಳು. ಕನಿಕರಕ್ಕೆ ಹೇಳಿದಳೋ, ಕಸುಬಿಗೆ ಹೇಳಿದಳೋ, ಇವತ್ತು ಕೇಳಿದರೂ ಅವಳಿಗೆ ಗೊತ್ತಿಲ್ಲ.

"ನಿಮ್ಮಕ್ಕನಿಗೆ ಒಂದು ಹೊಸ ರ‍್ಯಾಮ್ ಪಟ್ಟಿ ತಂದದ್ದು ನೀವೇನಾ?"

ಅವನು ತಲೆಯೆತ್ತದೆ ಹೂಂಗುಟ್ಟಿದ. "ಅವಳ ಯಂತ್ರ ಕರಕರ ಅನ್ನುತ್ತೆ, ಓದೋಕೆ ಅಡ್ಡಿ ಆಗುತ್ತೆ ಅಂತ ಇವಳ ಹತ್ತಿರ ಹೇಳಿದ್ಲಂತೆ. ತಂದು ಹೊಸ್ತಿಲ ಹತ್ತಿರ ಇಟ್ಟು ಬಂದೆ. ಪೊಟ್ಟಣ ಅಲ್ಲೇ ಧೂಳು ತಿಂತಾ ಬಿದ್ದಿತ್ತು. ದಿನಾ ಮೆಟ್ಟಿಲು ಇಳೀವಾಗ ನೋಡ್ತಿದ್ದೆ. ತಗೊಳ್ಳೋಲ್ಲ ಅಂತ ನನಗೆ ಗೊತ್ತಿತ್ತು."

"ಅದು ಯಂತ್ರದೊಳಗೆ ಇತ್ತು."

ಹಣೆ ಮೇಜಿನಿಂದ ಮೇಲೆದ್ದಿತು.

"ಏನಂದ್ರಿ?"

"ನೀವು ಕೊಟ್ಟದ್ದು ನಿಮ್ಮಕ್ಕನ ಯಂತ್ರದೊಳಗೆ ಇತ್ತು. ನಾವು ಬಿಚ್ಚಿದಾಗ ಸಿಕ್ತು."

ಆ ಮುಖವನ್ನು ನೀವು ನೋಡಬೇಕಿತ್ತು. ಅಳು ನಿಂತಿಲ್ಲ, ನಗು ಬಂದಿಲ್ಲ, ಎರಡೂ ಒಂದೇ ಬಾಗಿಲಲ್ಲಿ ನೂಕಾಡುತ್ತಿವೆ. "ತಗೊಂಡ್ಲಾ? ಅಕ್ಕ ತಗೊಂಡ್ಲಾ? ಕೇಳಿಸ್ಕೊಂಡ್ಯೇನೇ? ಹಾಕ್ಕೊಂಡಿದ್ಲಂತೆ ಕಣೇ!" ಎಂದು ಹೆಂಡತಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಾಯಲ್ಲಿ ಹೇಳದ್ದನ್ನು ಅಕ್ಕ ಕೈಯಲ್ಲಿ ಹೇಳಿದ್ದಳು. ಅವನಿಗೆ ಅಷ್ಟು ಸಾಕಿತ್ತು.

ಹೆಂಡತಿಯ ಕಣ್ಣೂ ತುಂಬಿ ಬಂತು. ಗಂಡನ ಬೆನ್ನು ಸವರುತ್ತ, ಮಗುವಿಗೆ ಹೇಳುವಂತೆ ಅಂದಳು:

"ಹಾಕ್ಕೊಂಡ್ರು ಕಣ್ರೀ. ಪಾಪ, ಸರಿಯಾಗಿ ಕೂತ್ಕೊಳ್ಲಿಲ್ಲ ಅಷ್ಟೆ. ಕಟ್ ಅಂತ ಸದ್ದೇ ಬರ್ಲಿಲ್ಲ. ಬಂದಿದ್ರೆ ಆ ಹಳೇ ಡಬ್ಬ ಓಡ್ತಿತ್ತು."

ನಿಧಾನಮ್ಮ ಚಹಾದ ಲೋಟವನ್ನು ತುಟಿಯವರೆಗೆ ಒಯ್ದವಳು ಹಾಗೇ ಮೇಜಿನ ಮೇಲಿಟ್ಟಳು. ಅಷ್ಟು ನಿಧಾನವಾಗಿ ಇಟ್ಟಳೆಂದರೆ ಸದ್ದೇ ಆಗಲಿಲ್ಲ.

ಒಂದು ಗಳಿಗೆ ಸುಮ್ಮನಿದ್ದುಬಿಡೋಣ ಅನ್ನಿಸಿತು ಅವಳಿಗೆ. ಆ ಮನುಷ್ಯ ಇನ್ನೂ ನಗುತ್ತಿದ್ದ. ಎಷ್ಟು ವರ್ಷದ ಮೇಲೆ ಬಂದ ನಗುವೋ ಏನೋ, ಅದಕ್ಕೊಂದು ಲೋಟ ಚಹಾ ಕುಡಿಯುವಷ್ಟು ಆಯುಷ್ಯವಾದರೂ ಬೇಡವೇ? ಆದರೆ ಬಾಗಿಲ ಮೇಲಿನ ಗೀರುಗಳು ನೆನಪಾದವು.

"ತಾಯಿ," ಅಂದಳು. "ಒಳಗೆ ಇತ್ತು ಅಂತ ಅಷ್ಟೇ ಅಂದೆ ನಾನು. ಸರಿಯಾಗಿ ಕೂತಿತ್ತೋ ಇಲ್ವೋ ಹೇಳ್ಲಿಲ್ಲ."

ಬೆನ್ನು ಸವರುತ್ತಿದ್ದ ಕೈ ನಿಂತಿತು.

"ಅದು... ಅತ್ತಿಗೆನೇ ಯಾವಾಗ್ಲೋ ಹೇಳಿರ್ಬೇಕು."

"ಯಾವಾಗ? ವಾರ ಪೂರ್ತಿ ಕೆಳಗೆ ಹೋಗಿಲ್ಲ ಅಂದ್ರಲ್ಲ."

ಅವಳು ಗಂಡನ ಬೆನ್ನಿನಿಂದ ಕೈ ತೆಗೆದಳು.

"ನಿಮ್ಮಕ್ಕ 'ಅವನನ್ನ' ಅಂದಿದಾರೆ," ನಿಧಾನಮ್ಮ ತಮ್ಮನ ಕಡೆ ನೋಡದೆ ಹೇಳಿದಳು. "'ನಿನ್ನನ್ನ' ಅಂದಿಲ್ಲ. ಗೋಡೆ ಜೊತೆ ಮಾತಾಡೋರು 'ಅವನು' ಅನ್ನೋದಿಲ್ಲ. ನಿಮ್ಮ ವಿಷಯ ತೆಗೆದವರು, ನಿಮ್ಮ ಪರವಾಗಿ ಕೇಳಿದವರು ಯಾರೋ ಎದುರಿಗೆ ನಿಂತಿದ್ರು. ಅವತ್ತು ಯಂತ್ರ ಆನ್ ಆಗೋ ಮುಂಚೆ ಆ ಪೊಟ್ಟಣ ಹೊಸ್ತಿಲಿಂದ ಎತ್ತಿ ಒಳಗೆ ಒಯ್ದವರು. ಆಮೇಲೆ ಈ ಮಾತು ಮುಗಿಸಿ ಹೊರಗೆ ಬಂದಾಗ ಆ ಬಾಗಿಲು ಮುಚ್ಚಿದವರು."

"ಇಲ್ಲ!" ಅಂದಳು ಹೆಂಡತಿ. ಯಾವುದಕ್ಕೆ ಇಲ್ಲ ಎಂದು ಹೇಳಲಿಲ್ಲ.

ಅವನ ನಗು ಎಲ್ಲಿ ಹೋಯಿತೋ ಕಾಣಲಿಲ್ಲ. ಅವನು ಕುರ್ಚಿಯಲ್ಲೇ ತಿರುಗಿ ಹೆಂಡತಿಯ ಮುಖ ನೋಡಿದ. ಮರದ ತುಂಡು ಯಾರು ತೆಗೆದರು ಎಂದು ಕೇಳುತ್ತಾನೆ, ಬಾಗಿಲು ನೀನು ಮುಚ್ಚಿದೆಯಾ ಎಂದು ಕೇಳುತ್ತಾನೆ, ಕೂಗಾಡುತ್ತಾನೆ ಎಂದು ನಿಧಾನಮ್ಮ ಕಾದಳು. ಅವನು ಅದು ಯಾವುದನ್ನೂ ಕೇಳಲಿಲ್ಲ.

"ಏನಂದ್ಲೇ?" ಎಂದು ಕೇಳಿದ. ದನಿ ಹುಡುಗನ ದನಿಯಂತಿತ್ತು. "ಆಮೇಲೆ ಏನಂದ್ಲು?"

ಕಟ್ಟೆಯ ಮೇಲೆ ಇಲ್ಲದ, ಅಟ್ಟದ ಮೇಲೂ ಇಲ್ಲದ ಆ ಬಾಲವನ್ನು ಕೇಳಿಸಿಕೊಂಡ ಕಿವಿ ಲೋಕದಲ್ಲಿ ಒಂದೇ ಉಳಿದಿತ್ತು. ಹೇಳಿದರೆ ಅವಳು ಅಲ್ಲಿದ್ದದ್ದು ನಿಜವಾಗುತ್ತದೆ. ಹೇಳದಿದ್ದರೆ ಅವಳ ಗಂಡ ಸಾಯುವ ತನಕ ಇದೇ ಮೇಜಿನ ಮುಂದೆ ಕೂತು ಒರೆಸಿದ್ದನ್ನೇ ಒರೆಸುತ್ತಿರುತ್ತಾನೆ.

ಒಲೆಯ ಮೇಲೆ ಉಳಿದ ಚಹಾ ಉಕ್ಕಿ ಸುರಿಯಿತು. ಯಾರೂ ಅತ್ತ ಹೋಗಲಿಲ್ಲ.

ಅವಳು ಗಂಡನ ಕಣ್ಣನ್ನೇ ನೋಡುತ್ತ ತುಟಿ ಬಿಚ್ಚಿದಳು.

"ಕ್ಷಮಿಸಿ..." ಅಂದಳು.

ಅಲ್ಲಿಗೇ ನಿಂತಳು. ಅದು ಅತ್ತಿಗೆಯ ಅರ್ಧ ಮಾತೋ, ಅವಳದೇ ಪೂರ್ತಿ ಮಾತೋ, ಆ ಅಡುಗೆಮನೆಯಲ್ಲಿದ್ದ ಉಳಿದಿಬ್ಬರಿಗೂ ತಿಳಿಯಲಿಲ್ಲ.